ಕುಂತವರ ದಿಬ್ಬ

೨೦೧೦ರ ಬೇಸಿಗೆ. ಈಗ ಛತ್ರಪತಿ ಸಂಭಾಜಿನಗರ ಅನ್ನುವ ಊರನ್ನು ಆಗ ನಾವೆಲ್ಲ ಔರಂಗಾಬಾದ್ ಅನ್ನುತ್ತಿದ್ದೆವು. ಅಲ್ಲಿ ನಾನು ಕಲ್ಲಿನ ಕೆಲಸ ಹಿಡಿಯುವ ಗುತ್ತೇದಾರ. ಮೂಲ ಕಲಬುರಗಿ ಜಿಲ್ಲೆ, ಶಹಾಬಾದ್ ಕಡೆಯ ಹಳ್ಳಿ. ಆರನೇ ಇಯತ್ತೆಗೆ ಸಾಲಿ ಬಿಟ್ಟು ಅಪ್ಪನ ಹಿಂದೆ ಚಾಣ, ಸುತ್ತಿಗೆ ಹಿಡಿದು ಹೊರಟವನು. ಓದಿಲ್ಲ ಅಂತ ಎಲ್ಲೂ ತಲೆ ತಗ್ಗಿಸಲಿಲ್ಲ. ನಾನು ಕಟ್ಟಿದ ಗೋಡೆಗೆ ಯಾರು ಬೇಕಾದರೂ ತೂಕದ ಗುಂಡು ಇಳಿಬಿಟ್ಟು ನೋಡಲಿ. ಖುಲ್ತಾಬಾದಿನಲ್ಲಿ, ವೇರೂಳಿನಲ್ಲಿ, ಯೇವಲಾದ ನೇಕಾರರ ಗಲ್ಲಿಗಳಲ್ಲಿ ನನ್ನ ಕೈ ಬಿದ್ದ ಕಟ್ಟೆ, ಮೆಟ್ಟಿಲು ಇವತ್ತಿಗೂ ಇವೆ.

ಗೋಡೆ ಕಟ್ಟುವ ನಮ್ಮಂಥ ಗೌಂಡಿಗಳ ಬಗ್ಗೆ ಅಪ್ಪ ಒಂದು ಮಾತು ಹೇಳುತ್ತಿದ್ದ: "ಗೌಂಡಿ ಗ್ವಾಡಿ ಕಟ್ಟೂತನ ಒಳಗ. ಕಟ್ಟಿದ ಮ್ಯಾಲ ಹೊರಗ." ನಗುತ್ತಲೇ ಹೇಳುತ್ತಿದ್ದ. ಆ ಬೇಸಿಗೆಯವರೆಗೆ ನಾನೂ ಅದನ್ನು ನಗೆಮಾತು ಅಂತಲೇ ತಿಳಿದಿದ್ದೆ.

ಯೇವಲಾದಿಂದ ವೈಜಾಪುರದ ದಾರಿಗೆ, ನಾಶಿಕ್ ಜಿಲ್ಲೆ ಮುಗಿದು ಔರಂಗಾಬಾದ್ ಜಿಲ್ಲೆ ಶುರುವಾಗುವಲ್ಲಿ ಒಂದು ಸಣ್ಣ ಊರಿದೆ. ಹೆಸರು ಹೇಳುವುದಿಲ್ಲ, ವಾಡಿ ಅಂತ ಕರೆಯುತ್ತೇನೆ. ಮರಾಠಿ ಮಾತಾಡುವ ಕ್ರೈಸ್ತರ ಊರು. ನಡುವೆ ಕರಿಕಲ್ಲಿನ ಹಳೆಯ ಚರ್ಚು, ಅದರ ಸುತ್ತ ಗೋರಿಗಳು. ಊರು, ಹೊಲ, ಚರ್ಚು, ಗೋರಿ ಎಲ್ಲ ಸೇರಿ ಒಂದು ಪ್ಯಾರಿಷ್. ಅಂದರೆ ಒಬ್ಬ ಪಾಸ್ಟರಿನ ಹೊಣೆಗೆ ಬರುವಷ್ಟು ಜನ ಮತ್ತು ನೆಲ. ಸುತ್ತಲ ಜಮೀನೆಲ್ಲ ಪ್ಲಾಟು ಬೀಳುತ್ತಿದ್ದ ಕಾಲ ಅದು. ಸರ್ಕಾರಿ ಮೋಜಣಿ ಮಾಡಿಸಿ, ಅಳೆದ ಗೆರೆಯ ಮೇಲೆ ಗೋರಿಗಳ ಸುತ್ತ ಕಲ್ಲಿನ ಕಂಪೌಂಡು ಕಟ್ಟಿಸಬೇಕು ಅಂತ ಅವರ ದೊಡ್ಡ ಆಫೀಸಿನವರು ತೀರ್ಮಾನಿಸಿದ್ದರು. ಆ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ದಿನ ಪಾಸ್ಟರು ನನ್ನನ್ನು ಚರ್ಚಿನೊಳಗೆ ಕರೆದುಕೊಂಡು ಹೋದರು. ನಲವತ್ತರ ಆಸುಪಾಸಿನ, ಮೆಲುದನಿಯ ಮನುಷ್ಯ. ನಮ್ಮ ಮಾತೆಲ್ಲ ಮರಾಠಿಯಲ್ಲಿ ನಡೆದದ್ದು, ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಕೂಡಲೇ ಅಂಗಾಲಿಗೆ ಪರಿಚಯದ ತಂಪು ಹತ್ತಿತು. ಬಗ್ಗಿ ನೋಡಿದೆ. ಬೂದಿ ಬಣ್ಣದ ಫರ್ಸಿ, ನಮ್ಮ ಶಹಾಬಾದಿನ ಕಲ್ಲು. ನೂರು ವರ್ಷ ತುಳಿದರೂ ಒಂದು ಕಲ್ಲು ಕುಸಿದಿಲ್ಲ, ಸಂದಿಯಲ್ಲಿ ಉಗುರು ಹೋಗುವುದಿಲ್ಲ.

"ಇದನ್ನ ಹಾಸಿದವರು ಯಾರು?" ಅಂದೆ.

"ದಕ್ಷಿಣದ ಕಡೆಯಿಂದ ಕಲ್ಲಿನವರು ಬಂದಿದ್ದರಂತೆ. ಚರ್ಚು ಮುಗಿಯುವ ಹೊತ್ತಿಗೆ ಊರಿನಲ್ಲಿ ಜ್ವರ ಬಂತಂತೆ. ಆಮೇಲೆ ಅವರ ಸುದ್ದಿ ಯಾರಿಗೂ ಗೊತ್ತಿಲ್ಲ," ಅಂದರು ಪಾಸ್ಟರು.

ಗೋಡೆಯ ಮೇಲೆ ಕಟ್ಟು ಹಾಕಿಸಿದ ಒಂದು ಚಿತ್ರವಿತ್ತು. ಊರು ಕಟ್ಟಿದ ಇಂಗ್ಲಿಷ್ ಪಾದ್ರಿ ತನ್ನ ಹುಟ್ಟೂರನ್ನು ಶಾಯಿಯಲ್ಲಿ ಬರೆದದ್ದು. ಪಾಸ್ಟರು ಓದಲು ಒಂದು ವರ್ಷ ಇಂಗ್ಲೆಂಡಿನಲ್ಲಿದ್ದಾಗ ಆ ಊರನ್ನು ಹುಡುಕಿಕೊಂಡು ಹೋಗಿ ನೋಡಿ ಬಂದಿದ್ದರು. ನಮ್ಮ ವಾಡಿಗಿಂತ ಸಣ್ಣ ಊರಂತೆ. ಒಂದು ಕಡೆ ಸುಣ್ಣದ ಕಲ್ಲಿನ ಬಿಳಿ ಗುಡ್ಡ, ಇನ್ನೊಂದು ಕಡೆ ಮೊಣಕಾಲುದ್ದ ನೀರಿನ ಹೊಳೆ, ನಡುವೆ ಎತ್ತರದಲ್ಲಿ ಚರ್ಚು, ಕೆಳಗೆ ಬಾತುಕೋಳಿಗಳ ಹೊಂಡ. ಒಂದು ಕಾಲಕ್ಕೆ ಕುರಿಯ ಉಣ್ಣೆಯಿಂದ ಬದುಕಿದ ಊರು. ಆಮೇಲೆ ಮಂದಿ ಗಿರಣಿ ಕೆಲಸ ಹುಡುಕಿಕೊಂಡು ಪಟ್ಟಣ ಸೇರಿದರು. ಎರಡು ಯುದ್ಧಕ್ಕೆ ಹೋಗಿ ತಿರುಗಿ ಬರದವರ ಹೆಸರು ಚರ್ಚಿನ ಗೋಡೆಯಲ್ಲಿ ಕೆತ್ತಿದೆ, ಇವತ್ತು ಅಲ್ಲಿ ಇರುವವರಿಗಿಂತ ಆ ಹೆಸರುಗಳೇ ಹೆಚ್ಚು ಅನಿಸುತ್ತದೆ, ಅಂದರು. ಪಾದ್ರಿ ಆ ಊರನ್ನು ಮರೆಯಲಾಗದೆ ಇಲ್ಲಿ ಅದನ್ನೇ ಮತ್ತೆ ಕಟ್ಟಿದ್ದ. ಎತ್ತರದಲ್ಲಿ ಚರ್ಚು, ಕೆಳಗೆ ಹೊಂಡ, ಅಲ್ಲಿ ಚರ್ಚಿನ ಬಾಗಿಲಿಗೆ ಯಾವುದೋ ಕಪ್ಪು ಮರ ಇದ್ದರೆ ಇಲ್ಲಿ ಬೇವು. ಸೀಮೆಯ ಗುರುತಿಗೆ ನೆಟ್ಟ ಕಲ್ಲುಗಳೂ ಅದೇ ರೀತಿ.

ಚಿತ್ರದಲ್ಲಿ ಚರ್ಚಿನ ಉತ್ತರಕ್ಕೆ ಬರಿ ಹುಲ್ಲಿತ್ತು. "ಇಲ್ಲಿ ಗೋರಿ ಇಲ್ಲ ಯಾಕೆ?" ಅಂತ ಕೇಳಿದೆ.

"ಅಲ್ಲಿಯ ಹಳೆಯ ರೂಢಿ ಅದು. ಊರವರೆಲ್ಲ ದಕ್ಷಿಣಕ್ಕೆ, ಬಿಸಿಲಿರುವ ಕಡೆ. ಉತ್ತರ ಅಂದರೆ ನೆರಳು. ದಾರಿಹೋಕರು, ದೀಕ್ಷಾಸ್ನಾನ ಆಗದವರು, ಗುರುತಿಲ್ಲದವರು ಸತ್ತರೆ ಅಲ್ಲಿ. ಅವರ ಮೇಲೆ ಕಲ್ಲು ಇಡುತ್ತಿರಲಿಲ್ಲ."

ವಾಡಿಯಲ್ಲೂ ಚರ್ಚಿನ ಉತ್ತರಕ್ಕೆ ಒಂದು ಗೋರಿ ಇರಲಿಲ್ಲ. ಅಲ್ಲೊಂದು ತಗ್ಗು ದಿಬ್ಬವಿತ್ತು. ಅರ್ಧ ಚರ್ಚಿನ ನೆಲದಲ್ಲಿ, ಅರ್ಧ ಪಕ್ಕದ ಹೊಲದವರ ನೆಲದಲ್ಲಿ. ಮೋಜಣಿಯ ಗೆರೆ ಅದರ ನಡು ಸೀಳಿಕೊಂಡು ಹೋಗಿತ್ತು. ಊರವರು ಅದಕ್ಕೆ ಮರಾಠಿಯಲ್ಲಿ 'ಬಸಲೇಲ್ಯಾಂಚಾ ಮಾಳ' ಅನ್ನುತ್ತಿದ್ದರು. ಕುಂತವರ ದಿಬ್ಬ. ಯಾರು ಕುಂತವರು ಅಂತ ಕೇಳಿದರೆ ಯಾರೂ ಹೇಳುತ್ತಿರಲಿಲ್ಲ. ರೂತಾಬಾಯಿ ಮಾತ್ರ ಹೇಳಿದಳು. ಚರ್ಚಿನ ಗಂಟೆ ಬಾರಿಸುವ, ಎಪ್ಪತ್ತು ದಾಟಿದ ವಿಧವೆ, ಮಾತಿಗೆ ಮುಂದು.

"ಎಲ್ಲಾ ಸತ್ತವರೂ ಮಲಗತಾರೆ ಮಿಸ್ತ್ರೀ. ಅವರು ಮಲಗಿಲ್ಲ. ಮಲಗದವರಿಗೆ ನಿದ್ದೆ ಎಲ್ಲಿಂದ ಬರಬೇಕು? ಸಂಜೆ ಗಂಟೆ ಹೊಡೆದ ಮೇಲೆ ಕೇಳು, ಕಲ್ಲು ಕುಟ್ಟತಾರೆ."

"ಹಗಲೆಲ್ಲ ಕಾದ ಕಲ್ಲು ಸಂಜೆ ಆರತದ ಅವ್ವಾ. ಆಗ ಟಿಕ್ ಅಂತದ. ಅಷ್ಟೇ," ಅಂದೆ.

"ಹಂಗಾದರೆ ನೀನು ಒಬ್ಬನೇ ಅಲ್ಲಿ ಹೋಗಿ ಕೂತು ಚಹಾ ಕುಡಿ. ನಾನೇ ತಂದುಕೊಡತೀನಿ, ಚರ್ಚಿನ ಗೋಡೆಯ ಈ ಕಡೆಯಿಂದ." ಅವಳ ಈ ಮಾತಿಗೆ ನನ್ನ ಆಳುಗಳೆಲ್ಲ ನಕ್ಕರು. ಆದರೆ ಗಂಟೆ ಹೊಡೆದ ಮೇಲೆ ಅವರಲ್ಲಿ ಒಬ್ಬನೂ ಆ ಕಡೆ ಸುಳಿಯುತ್ತಿರಲಿಲ್ಲ.

ಮೂರು ದಿಕ್ಕಿನ ಗೋಡೆ ಎದ್ದ ಮೇಲೆ ಏಪ್ರಿಲ್ ಕೊನೆಗೆ ಉತ್ತರದ ಪಾಯಾ ಅಗೆಯಲು ಶುರು ಮಾಡಿದೆವು. ನನ್ನ ಹೆಂಡತಿಯ ತಮ್ಮ ನಾಗಪ್ಪ ನನ್ನ ಬಲಗೈ. ಮಧ್ಯಾಹ್ನ ಊಟ ಮುಗಿಸಿ ಬಾಯಿ ತೊಳೆಯುತ್ತಿದ್ದಾಗ ದಿಬ್ಬದ ಕಡೆಯಿಂದ ಅವನ ಕೂಗು ಕೇಳಿತು.

"ಮಾಮಾ, ಇಲ್ಲಿ ಬರ್ರಿ. ಮನಶಾ ಕುಂತಾನ."

"ಕುಂತಾನಂದ್ರ?"

"ಕುಂತಾನಂದ್ರ ಕುಂತಾನ್ರಿ. ಚಕ್ಕಳಮಕ್ಕಳ ಹಾಕ್ಕೊಂಡು."

ಹೋಗಿ ನೋಡಿದೆ. ಪಾಯಾಕ್ಕೆ ಅಗೆದ ತಗ್ಗಿನ ಬದಿಯಲ್ಲಿ ಗೂಡಿನ ಹಾಗೆ ಕೊರೆದ ಜಾಗ. ಅದರೊಳಗೆ ಮೊಣಕಾಲಿನ ಎಲುಬು ಅಡ್ಡಡ್ಡ, ಬೆನ್ನೆಲುಬು ನೆಟ್ಟಗೆ, ತಲೆ ಮುಂದಕ್ಕೆ ಬಾಗಿತ್ತು. ಸುತ್ತ ಬೆಳ್ಳಗೆ ಗಟ್ಟಿಯಾದ ಮಣ್ಣು. ಚೂರು ಮುರಿದು ನಾಲಿಗೆಗೆ ಹಚ್ಚಿದೆ. ಉಪ್ಪು. ಎಡಗೈ ಎಲುಬು ಇದ್ದಲ್ಲಿ ನೆಲ್ಲಿಕಾಯಿಯಷ್ಟು ಕಪ್ಪನೆಯ ಒಂದು ಗುಂಡು. ನನ್ನ ಕೈ ನನಗೆ ತಿಳಿಯದೆ ಅಂಗಿಯೊಳಗೆ ಹೋಗಿ ಕೊರಳಲ್ಲಿದ್ದ ನನ್ನ ಲಿಂಗದ ಕರಡಿಗೆಯನ್ನು ಹಿಡಿದುಕೊಂಡಿತ್ತು.

ಓದುಗರಲ್ಲಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾವು ಲಿಂಗವಂತರು ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಪೂಜೆಗೆ ಕುಂತ ಹಾಗೆ ಕುಂಡ್ರಿಸಿ, ಎಡಗೈಯಲ್ಲಿ ಅವರ ಇಷ್ಟಲಿಂಗ ಇಟ್ಟು, ವಿಭೂತಿ, ಪತ್ರಿ, ಉಪ್ಪು ಹಾಕಿ ಮಣ್ಣು ಕೊಡುತ್ತೇವೆ. ನನ್ನ ಅಪ್ಪ ಹಾಗೆ ಕುಂತಿದ್ದಾನೆ. ನಾನೂ ಒಂದಿನ ಕೂಡುವವನೇ. ಸುತ್ತಲಿನ ಹಿಂದೂಗಳು ಸುಡುವವರು, ವಾಡಿಯ ಕ್ರೈಸ್ತರು ಮಲಗಿಸುವವರು. ಹೀಗೆ ಕುಂತವರು ಆ ನೆಲದ ಯಾರಿಗೂ ಸೇರಿದವರಲ್ಲ. ದಿಬ್ಬದ ಮೇಲೆ ನಿಂತು ನೋಡಿದರೆ ಅಲ್ಲಲ್ಲಿ ಮಣ್ಣು ಬೋಗುಣಿಯ ಹಾಗೆ ಒಳಗೆ ಕುಸಿದಿತ್ತು. ಅಂಥ ಎಷ್ಟು ತಗ್ಗು ಇದ್ದವು ಅಂತ ನಾನು ಎಣಿಸಲು ಹೋಗಲಿಲ್ಲ.

"ಫರ್ಸಿ ಹಾಸಿದವರು ಹೌದಲ್ರೀ ಮಾಮಾ?" ಅಂದ ನಾಗಪ್ಪ. ಹಸಿ ಗೋಣಿ ತಾಟು ತಂದು ಆ ಗೂಡಿಗೆ ಮುಚ್ಚಿದೆವು.

ಪಾಸ್ಟರು ಪೊಲೀಸ್ ಪಾಟೀಲನಿಗೆ ತಿಳಿಸಿದರು. ಠಾಣೆಯವರು ಬಂದು ನೋಡಿ, ಬಹಳ ಹಳೆಯದು ಅಂತ ಬರೆದುಕೊಂಡು ಹೋದರು. ಎರಡು ದಿನ ಬಿಟ್ಟು ದೊಡ್ಡ ಆಫೀಸಿನ ಇಂಜಿನಿಯರ್ ಸಾಹೇಬರು ಬಂದರು. ಒಳ್ಳೆಯ ಮನುಷ್ಯರೇ, ಆದರೆ ಅವಸರದವರು.

"ಎಲುಬೆಲ್ಲ ಮರ್ಯಾದೆಯಿಂದ ತೆಗೆದು ಒಳಗೆ ಒಂದು ಗುಂಡಿಯಲ್ಲಿ ಇಡೋಣ. ಪಾಸ್ಟರು ಪ್ರಾರ್ಥನೆ ಹೇಳಲಿ. ಗೋಡೆ ಮಾತ್ರ ಮೋಜಣಿ ಗೆರೆ ಮೇಲೇ ಬರಬೇಕು."

"ಕುಂತವರನ್ನ ಎಬ್ಬಿಸೋದಿಲ್ಲ ಸಾಹೇಬ್. ನಮ್ಮಲ್ಲಿ ಹಾಗಿಲ್ಲ," ಅಂದೆ.

"ನಿಮ್ಮಲ್ಲಿ? ಇದು ಚರ್ಚಿನ ಕೆಲಸ ಮಿಸ್ತ್ರಿ."

"ಕೆಲಸ ಚರ್ಚಿಂದು. ಕುಂತವರು ನಮ್ಮವರು."

ಅವರು ಸಿಟ್ಟಾಗಲಿಲ್ಲ. ಗೆರೆಯಿಂದ ಒಳಗೆ ಸರಿದು ಕಟ್ಟಿದರೆ ಏನಾಗುತ್ತದೆ ಅಂತ ತಿಳಿಸಿ ಹೇಳಿದರು. ದಿಬ್ಬ ಪೂರಾ ಹೊರಗೆ ಬೀಳುತ್ತದೆ. ಪಕ್ಕದ ಹೊಲದ ಕಾಶೀನಾಥ ದಾದಾನ ಮಕ್ಕಳು ಜಮೀನು ಮಾರುವ ಯೋಚನೆಯಲ್ಲಿದ್ದಾರೆ. ನಾಳೆ ಅಲ್ಲಿ ಪ್ಲಾಟು ಬಿದ್ದರೆ ಜೆಸಿಬಿಗೆ ಕುಂತವರೂ ಮಲಗಿದವರೂ ಒಂದೇ. ಅವರ ಮಾತು ಸುಳ್ಳಾಗಿರಲಿಲ್ಲ. ಗೆರೆಯ ಮೇಲೆ ಕಟ್ಟಿದರೆ ನಾನೇ ಅವರನ್ನು ಸೀಳಬೇಕು, ಒಳಗೆ ಸರಿದರೆ ಇನ್ನೊಬ್ಬರು ಸೀಳುತ್ತಾರೆ. ಎಲ್ಲಿಂದಲೋ ಬಂದು ಈ ಊರಿನ ಗುಡಿ ಕಟ್ಟಿ ಸತ್ತವರಿಗೆ ಕುಂತ ಜಾಗವೂ ಉಳಿಯುವಂತಿರಲಿಲ್ಲ. ಆ ಸಂಜೆ ನಾನು ಒಬ್ಬನೇ ದಿಬ್ಬದ ಹತ್ತಿರ ನಿಂತೆ. ರೂತಾಬಾಯಿಯ ಗಂಟೆ ನಿಂತ ಮೇಲೆ ಸದ್ದು ಕೇಳಿತು. ಎರಡು ಹಗುರ ಪೆಟ್ಟು, ಒಂದು ಬಿಗಿ ಪೆಟ್ಟು. ಸ್ವಲ್ಪ ತಡೆದು ಮತ್ತೆ ಹಾಗೇ. ಕಾದ ಕಲ್ಲು ಆರುವ ಸದ್ದು ಅಂತ ನನಗೆ ನಾನೇ ಹೇಳಿಕೊಂಡೆ. ಆದರೆ ಎರಡು ಹಗುರ ಒಂದು ಬಿಗಿ, ಅದು ಅಪ್ಪ ನನಗೆ ಕಲಿಸಿದ ಏಟು. ಮೈಯೆಲ್ಲ ಮುಳ್ಳಾಯಿತು. ಓಡಲಿಲ್ಲ. ನಿಂತೂ ಇರಲಾಗಲಿಲ್ಲ.

ಇಂಜಿನಿಯರರ ಹತ್ತಿರ ಪಾಸ್ಟರು ಸ್ವಲ್ಪ ದಿನದ ಗಡುವು ಕೇಳಿಕೊಂಡರು. ಕಾರಣ, ಮೇ ತಿಂಗಳಲ್ಲಿ ಊರಿನ ಸೀಮೆ ಫೇರಿ ಇತ್ತು. ಇದೂ ಆ ಪಾದ್ರಿ ತನ್ನ ಊರಿನಿಂದ ತಂದ ಪದ್ಧತಿ. ನಕ್ಷೆ ಇಲ್ಲದ ಕಾಲದಲ್ಲಿ ಅಲ್ಲಿಯ ಜನ ವರ್ಷಕ್ಕೊಮ್ಮೆ ಕೋಲು ಹಿಡಿದು ತಮ್ಮ ಪ್ಯಾರಿಷಿನ ಸುತ್ತ ನಡೆದು, ಸೀಮೆಯ ಒಂದೊಂದು ಕಲ್ಲು, ಮರಕ್ಕೂ ಹೊಡೆದು ನೆನಪಿಟ್ಟುಕೊಳ್ಳುತ್ತಿದ್ದರಂತೆ. "ಅಲ್ಲಿ ಅದು ನಿಂತು ಎಷ್ಟೋ ಕಾಲವಾಯಿತು. ಇಲ್ಲಿ ಇನ್ನೂ ನಡೆಯುತ್ತದೆ ಅಂದಾಗ ಆ ಊರಿನ ಒಬ್ಬ ಮುದುಕಿ ನನ್ನ ಕೈ ಹಿಡಿದುಕೊಂಡಳು," ಅಂತ ಪಾಸ್ಟರು ಹೇಳಿದ್ದರು. ವಾಡಿಯಲ್ಲಿ ಆ ಫೇರಿ ಗೋರಿಗಳ ಸುತ್ತಲೇ ಮುಗಿಯುತ್ತಿತ್ತು. ಎಲ್ಲರ ಕೈಯಲ್ಲಿ ಬೇವಿನ ಕೋಲು, ಬಾಯಲ್ಲಿ ಮರಾಠಿ ಭಜನೆ.

ಫೇರಿಯ ದಿನ ಬೆಳಿಗ್ಗೆ ಉತ್ತರಕ್ಕೆ ಗೆರೆಯ ಮೇಲೆ ನನ್ನ ದಾರ ಬಿಗಿದಿತ್ತು. ಜನ ಪೂರ್ವದ ಕಲ್ಲಿಗೆ ಹೊಡೆದು, ಹಾಡುತ್ತ ತಿರುಗಿ ದಿಬ್ಬದ ಹತ್ತಿರ ಬಂದರು. ಬಂದವರು ಹಾಡು ನಿಲ್ಲಿಸಿದರು. ಮುಂದಿದ್ದ ರೂತಾಬಾಯಿ ದಾರ ಬಿಟ್ಟು ಹೊರಗೆ, ಕಾಶೀನಾಥ ದಾದಾನ ಹೊಲದೊಳಗೆ ಕಾಲಿಟ್ಟಳು. ಉಳಿದವರೆಲ್ಲ ಅವಳ ಹಿಂದೆ. ದಿಬ್ಬವನ್ನು ಪೂರಾ ಬಳಸಿ, ಕಮಾನಿನ ಹಾಗೆ ಬಾಗಿ ನಡೆದು, ಆ ಕಡೆ ಮತ್ತೆ ಗೆರೆಗೆ ಬಂದು ಸೇರಿ, ಪಶ್ಚಿಮದ ಕಲ್ಲಿಗೆ ಹೊಡೆದು ಹಾಡು ಎತ್ತಿಕೊಂಡರು.

ನಾನು ಓಡಿಹೋಗಿ ಕೇಳಿದೆ: "ಅವ್ವಾ, ಅಲ್ಲಿ ಯಾಕೆ ಹೊರಗಿಂದ ಬಂದಿರಿ?"

"ಹೆದರಿಕೆಗಪ್ಪಾ. ನಮ್ಮಜ್ಜಿ ಹೀಗೇ ಬರತಿದ್ದಳು. ಅವಳ ಅತ್ತೆಯೂ ಹೀಗೇ."

"ಹೆದರಿದವರು ಈ ಕಡೆಯಿಂದ, ಚರ್ಚಿನ ಕಡೆಯಿಂದ ಹೋಗಬೇಕಲ್ಲ? ದಿಬ್ಬ ಹೊರಗೆ ಬಿಟ್ಟು. ನೀವು ಅದನ್ನ ಒಳಗೆ ಹಾಕಿಕೊಂಡು ಬಂದಿರಿ."

ಅವಳು ತಿರುಗಿ ದಿಬ್ಬ ನೋಡಿದಳು, ಆಮೇಲೆ ಪಾಸ್ಟರನ್ನು. ಕೋಲು ಹಿಡಿದ ಕೈ ಕೆಳಗಿಳಿಯಿತು. ಪಾಸ್ಟರು ಅಂದರು: "ಫೇರಿಯ ಒಳಗೆ ಬಂದದ್ದೆಲ್ಲ ಪ್ಯಾರಿಷಿನ ಹೊಣೆ. ಆ ಪಾದ್ರಿ ಅವರನ್ನು ಉತ್ತರದಲ್ಲಿ ಇಟ್ಟ, ಪರದೇಶಿಗಳು ಅಂತ. ಆದರೆ ಹೊರಗೆ ಇಡಲಿಲ್ಲ. ಯಾರೋ ಊರಿಗೆ ಈ ದಾರಿ ಕಲಿಸಿಹೋಗಿದ್ದಾರೆ. ನಮಗೆ ದಾರಿ ಉಳಿಯಿತು, ಕಾರಣ ಮರೆತುಹೋಯಿತು."

ಮರೆತ ಜಾಗಕ್ಕೆ ಹೆದರಿಕೆ ಬಂದು ಕುಂತಿತ್ತು.

ದಿಬ್ಬ ಪೂರಾ ಒಳಗೆ ಬರುವ ಹಾಗೆ ಗೋಡೆ ಬಾಗಿಸುವುದು ಅಂತಾಯಿತು. ಉಳಿದದ್ದು ಕಾಶೀನಾಥ ದಾದಾ. ಬಾವಿಯ ಕಟ್ಟೆಯ ಮೇಲೆ ತಂಬಾಕು ತಿಕ್ಕುತ್ತ ಎಲ್ಲ ಕೇಳಿದ. "ನಮ್ಮಪ್ಪನ ಎತ್ತು ಆ ದಿಬ್ಬದ ಹತ್ತಿರ ತಾವೇ ತಿರುಗುತ್ತಿದ್ದವು. ನನ್ನ ಟ್ರ್ಯಾಕ್ಟರೂ ತಿರುಗತದ. ಯಾರೂ ಉಳದ ನೆಲ ಯಾರದ್ದು? ಕುಂತವರದ್ದು. ನಾನೇನು ಕೊಡೋದು?" ಅಂದ. ಮಕ್ಕಳು ಏನೋ ಹೇಳಹೋದರು. ಅವರ ಕಡೆ ನೋಡದೆಯೇ ಪಾಸ್ಟರಿಗೆ ಅಂದ: "ಕಾಗದ ತರ್ರಿ, ಸಹಿ ಹಾಕತೀನಿ. ಒಂದು ಮಾತು. ನಿಮ್ಮ ನಾತಾಳ ಹಬ್ಬಕ್ಕೆ ಕಳಿಸೋ ಕೇಕು ಹೋದ ಸಲ ತಳ ಸೀದಿತ್ತು. ಈ ಸಲ ನೋಡಿ ಕಳಿಸ್ರಿ."

ಇಂಜಿನಿಯರ್ ಸಾಹೇಬರಿಗೆ ಕಾಗದ ಸಾಕಾಯಿತು. ನನಗೆ ಬೇರೆ ಚಿಂತೆ. ಗೋಡೆ ಬಾಗಿಸಬೇಕಾದರೆ ನಡುವೆ ಗೂಟ ಹೊಡೆದು, ಹಗ್ಗ ಕಟ್ಟಿ ಸುತ್ತು ಎಳೆಯುವುದು ರೂಢಿ. ಇಲ್ಲಿ ನಡು ಅಂದರೆ ಅವರ ನೆತ್ತಿ. ಅಲ್ಲಿ ಗೂಟ ಹೊಡೆಯುವುದು ಹೇಗೆ? ಪಾಸ್ಟರಿಗೆ ಹೇಳಿ ಊರವರನ್ನು ಇನ್ನೊಮ್ಮೆ ಆ ದಾರಿಯಲ್ಲಿ ನಡೆಸಿದೆ. ಬೇಸಿಗೆಯ ಪುಡಿಮಣ್ಣಿನಲ್ಲಿ ಹೆಜ್ಜೆ ಚೆನ್ನಾಗಿ ಮೂಡಿದ್ದವು. ನಾನು, ನಾಗಪ್ಪ ಬುಟ್ಟಿಯಲ್ಲಿ ಸುಣ್ಣದ ಪುಡಿ ಹಿಡಿದು ಅವರ ಹಿಂದೆಯೇ ಹೋಗಿ, ಹೆಜ್ಜೆಯ ಮೇಲೆ ಉದುರಿಸುತ್ತ ಬಂದೆವು. ಅದೇ ನನ್ನ ಗೆರೆ. ಆ ಭಾಗದಲ್ಲಿ ಆಳದ ಪಾಯಾ ತೆಗೆಯಲಿಲ್ಲ, ಕೆಳಗೆ ಯಾರಿಗೆ ತಾಕುತ್ತದೋ ಅಂತ. ಅಗಲ ಹಾಸುಗಲ್ಲು ಮಲಗಿಸಿ, ಭಾರ ಹಂಚಿ, ಅದರ ಮೇಲೆ ಗೋಡೆ ಎಬ್ಬಿಸಿದೆ. ನನ್ನ ಜೀವಮಾನದಲ್ಲಿ ದಾರ ಹಿಡಿಯದೆ ಕಟ್ಟಿದ ಗೋಡೆ ಅದೊಂದೇ.

ತೆರೆದ ಗೂಡನ್ನು ಮುಚ್ಚುವ ದಿನ ವೈಜಾಪುರದಲ್ಲಿದ್ದ ನಮ್ಮ ಕಡೆಯ ಒಬ್ಬ ಜಂಗಮರನ್ನು ಕರೆದುಕೊಂಡು ಬಂದೆ. ಅವರು ವಿಭೂತಿ ಹಾಕಿ ಮಂತ್ರ ಹೇಳಿದರು. ಪಾಸ್ಟರು ಟೋಪಿ ತೆಗೆದು ದೂರದಲ್ಲಿ ನಿಂತರು. ನಾನು, ನಾಗಪ್ಪ ಮಣ್ಣು ಕೊಟ್ಟು ಹಿಂದೆ ಸರಿಯುವಾಗ ರೂತಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು.

"ನಮ್ಮಲ್ಲೂ ಮೂರು ಹಿಡಿ ಮಣ್ಣು ಹಾಕತೀವಿ. ನಾನು ಹಾಕಬಹುದಾ?"

"ಹಾಕು ಅವ್ವಾ."

ಬಗ್ಗಿ ಮಣ್ಣು ಹಾಕುತ್ತ ಅವಳು ಆ ಕುಂತವನಿಗೇ ಹೇಳಿದಳು: "ನೂರು ವರ್ಷ ನಿನಗೆ ಹೆದರಿ ನಡೆದೆವು ನೋಡಪ್ಪಾ. ಹೇಳಬಾರದಿತ್ತಾ, ನಮ್ಮ ಚರ್ಚು ಕಟ್ಟಿದವನು ಅಂತ?" ಅವಳ ಹಿಂದೆ ಸಾಲು ನಿಂತಿತ್ತು. ಇಡೀ ವಾಡಿ ಮಣ್ಣು ಕೊಟ್ಟಿತು.

ಸದ್ದು ನಿಂತಿತಾ ಅಂತ ಕೇಳುವವರಿದ್ದಾರೆ. ನಿಲ್ಲಲಿಲ್ಲ. ಕೊನೆಯ ಕಲ್ಲು ಕೂಡಿಸಿದ ಸಂಜೆಯೂ ಕೇಳಿತು, ಎರಡು ಹಗುರ, ಒಂದು ಬಿಗಿ. ನಾಗಪ್ಪ ನನ್ನ ಮುಖ ನೋಡಿದ. ನಾನು ಸುತ್ತಿಗೆಯಿಂದ ನನ್ನ ಗೋಡೆಗೆ ಅದೇ ತಾಳದಲ್ಲಿ ಮೂರು ಪೆಟ್ಟು ಹಾಕಿದೆ. ಗುರುತು ಹತ್ತಿತು ಅಂತ ಹೇಳಲು ನನಗೆ ಬೇರೆ ಮಾತು ಬರಲಿಲ್ಲ.

ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ದಾರ ಬಿಗಿಯುವ ಮೊದಲು ಆ ಊರಿನ ಹಳೆಯ ಕಾಲುಗಳು ಎಲ್ಲಿ ಬಾಗಿ ನಡೆಯುತ್ತವೆ ಅಂತ ನೋಡಬೇಕು. ನೆಟ್ಟಗಿನ ಗೆರೆ ನೆಲದ ಅಳತೆ ಹೇಳುತ್ತದೆ. ಯಾರು ನಮ್ಮವರು ಅನ್ನುವುದನ್ನು ಬಾಗಿದ ಹೆಜ್ಜೆ ಹೇಳುತ್ತದೆ. ಆಮೇಲೆ ಎಷ್ಟೋ ಗೋಡೆ ಕಟ್ಟಿದೆ, ಎಲ್ಲದರ ಹೊರಗೂ ನಿಂತೆ. ಅಪ್ಪನ ಮಾತು ಅಷ್ಟರಮಟ್ಟಿಗೆ ಖರೆ. ಆದರೆ ಯೇವಲಾ ದಾರಿಯ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಆ ಉತ್ತರದ ಗೋಡೆ ಕಾಣುತ್ತದೆ, ಹೊಲದೊಳಗೆ ಹೊಟ್ಟೆ ಬಂದ ಹಾಗೆ ಬಾಗಿಕೊಂಡು. ನೋಡಿದಾಗೆಲ್ಲ ಅಪ್ಪನಿಗೆ ಮನಸಿನಲ್ಲೇ ಹೇಳುತ್ತೇನೆ: ಅಪ್ಪಾ, ಇಲ್ಲೊಂದು ಕಡೆ ಗೌಂಡಿಗಳು ಒಳಗ ಅದಾರ.